ಮನೋವಿಜ್ಞಾನ ಸಂಶೋಧನೆ: ದತ್ತಾಂಶ ವಿಶ್ಲೇಷಣೆಯ ವರದಿಯಲ್ಲಿ ಇರಬೇಕಾದ ವಿವರಗಳು

ಉದ್ದೇಶ

ಸಂಶೋಧನಾ ವರದಿ, ಪ್ರಬಂಧ ಅಥವಾ ಅನುದಾನದ ಅರ್ಜಿಯೊಂದಿಗೆ ಅಂಕಿಅಂಶಗಳ ವಿಶ್ಲೇಷಣೆಯನ್ನು ಸಲ್ಲಿಸುವವರ ಮಾಹಿತಿಗಾಗಿ ಈ ವಿವರಗಳನ್ನು ನೀಡಲಾಗಿದೆ. ಮಕ್ಕಳ ಕಲಿಕೆ, ಮಾನಸಿಕ ಆರೋಗ್ಯ ಚಿಕಿತ್ಸೆ ಮುಂತಾದ ವಿಷಯಗಳಲ್ಲಿ ಇಂತಹ ವರದಿಗಳನ್ನು ಆಧರಿಸಿ ನಿರ್ಧಾರ ಕೈಗೊಳ್ಳುವುದರಿಂದ, ಓದುವವರು ಸ್ವತಃ ಪರಿಶೀಲಿಸಲು ಸಾಧ್ಯವಾಗುವಂತೆ ವರದಿ ಇರತಕ್ಕದ್ದು.

2015ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ, 100 ಮನೋವಿಜ್ಞಾನ ಅಧ್ಯಯನಗಳನ್ನು ಪುನಃ ನಡೆಸಿದುದರ ಫಲಿತಾಂಶ ಪ್ರಕಟವಾಯಿತು. ಮೂಲ ಅಧ್ಯಯನಗಳ ಪೈಕಿ ಶೇ. 97ರಷ್ಟು ಗಣನೀಯ ಫಲಿತಾಂಶವನ್ನು ವರದಿ ಮಾಡಿದ್ದವು. ಪುನಃ ನಡೆಸಿದಾಗ ಶೇ. 36ರಷ್ಟರಲ್ಲಿ ಮಾತ್ರ ಗಣನೀಯ ಫಲಿತಾಂಶ ದೊರೆಯಿತು.

ನಮೂದಿಸಬೇಕಾದ ಅಂಶಗಳು

1. ಭಾಗವಹಿಸಿದವರ ಸಂಖ್ಯೆ, ಆಯ್ಕೆಯ ವಿಧಾನ, ಮಧ್ಯದಲ್ಲಿ ಬಿಟ್ಟುಹೋದವರು ಅಥವಾ ಕೈಬಿಡಲಾದವರ ಸಂಖ್ಯೆ ಹಾಗೂ ಕಾರಣ.
2. ಪ್ರತಿ ಗುಂಪಿನ ಸರಾಸರಿ ಮತ್ತು ಮಾನಕ ವಿಚಲನೆ.
3. ಬಳಸಿದ ಪರೀಕ್ಷೆಯ ಹೆಸರು, ಅದರ ಮೌಲ್ಯ ಮತ್ತು ನಿಖರವಾದ ಪಿ-ಮೌಲ್ಯ.
4. ಪರಿಣಾಮದ ಗಾತ್ರ ಮತ್ತು ಶೇ. 95ರ ವಿಶ್ವಾಸ ವ್ಯಾಪ್ತಿ.
5. ನಿರೀಕ್ಷೆಗೆ ವಿರುದ್ಧವಾದವೂ ಸೇರಿದಂತೆ ನಡೆಸಿದ ಎಲ್ಲ ವಿಶ್ಲೇಷಣೆಗಳ ಫಲಿತಾಂಶ.

ಕಾಲ್ಪನಿಕ ಉದಾಹರಣೆ

ತಲಾ 50 ವಿದ್ಯಾರ್ಥಿಗಳ ಎರಡು ಗುಂಪುಗಳಿಗೆ ಜ್ಞಾಪಕಶಕ್ತಿ ಪರೀಕ್ಷೆ ನೀಡಲಾಗಿದೆ. ತರಬೇತಿ ಪಡೆದವರ ಸರಾಸರಿ 72, ಪಡೆಯದವರದು 68. ಎರಡರಲ್ಲೂ ಮಾನಕ ವಿಚಲನೆ 10. ಇದನ್ನು ಹೀಗೆ ವರದಿ ಮಾಡಬಹುದು: "ಸರಾಸರಿ ವ್ಯತ್ಯಾಸ 4 ಅಂಕ, ಶೇ. 95ರ ವಿಶ್ವಾಸ ವ್ಯಾಪ್ತಿ 0.03ರಿಂದ 7.97; ಟಿ(98) = 2.00; ಪಿ = 0.048; ಕೋಹೆನ್ ಡಿ = 0.40."

ಪಿ-ಮೌಲ್ಯ 0.05ಕ್ಕಿಂತ ಕಡಿಮೆ ಇರುವುದರಿಂದ ಈ ಫಲಿತಾಂಶವನ್ನು ರೂಢಿಯಂತೆ ಗಣನೀಯ ಎನ್ನಲಾಗುತ್ತದೆ. ಆದರೆ ವಿಶ್ವಾಸ ವ್ಯಾಪ್ತಿಯ ಪ್ರಕಾರ ತರಬೇತಿಯ ಲಾಭವು ಸುಮಾರು 8 ಅಂಕಗಳಷ್ಟಿರಬಹುದು ಅಥವಾ ಬಹುತೇಕ ಶೂನ್ಯವಾಗಿರಬಹುದು. "ಗಣನೀಯ ವ್ಯತ್ಯಾಸವಿದೆ" ಎಂದಷ್ಟೇ ಬರೆದಲ್ಲಿ ಈ ಅಂಶ ಓದುಗರಿಗೆ ತಿಳಿಯುವುದಿಲ್ಲ.

ವಿಶೇಷ ಸೂಚನೆಗಳು

* ಪಿ-ಮೌಲ್ಯವು, ನಿಜವಾಗಿ ವ್ಯತ್ಯಾಸವೇ ಇಲ್ಲದಿದ್ದ ಪಕ್ಷದಲ್ಲಿ, ದೊರೆತಷ್ಟು ಅಥವಾ ಅದಕ್ಕೂ ಹೆಚ್ಚಿನ ವ್ಯತ್ಯಾಸ ಕಂಡುಬರುವ ಸಂಭವನೀಯತೆಯಾಗಿದೆ. ಊಹೆ ಸತ್ಯವಾಗಿರುವ ಸಂಭವನೀಯತೆ ಅದಲ್ಲ. ಅಮೆರಿಕನ್ ಸ್ಟ್ಯಾಟಿಸ್ಟಿಕಲ್ ಅಸೋಸಿಯೇಷನ್ 2016ರ ಹೇಳಿಕೆಯಲ್ಲಿ ಇದನ್ನು ಸ್ಪಷ್ಟಪಡಿಸಿದೆ.
* ಪಿ-ಮೌಲ್ಯ 0.05ಕ್ಕಿಂತ ಹೆಚ್ಚಿದ್ದ ಮಾತ್ರಕ್ಕೆ "ಪರಿಣಾಮವಿಲ್ಲ" ಎಂದು ತೀರ್ಮಾನಿಸತಕ್ಕದ್ದಲ್ಲ.
* ಗಣಕಯಂತ್ರವು 0.000 ಎಂದು ತೋರಿಸಿದಲ್ಲಿ "ಪಿ < 0.001" ಎಂದು ನಮೂದಿಸಬೇಕು.
* ದತ್ತಾಂಶ ನೋಡಿದ ನಂತರ ರೂಪಿಸಿದ ಊಹೆಯನ್ನು ಮೊದಲೇ ಇದ್ದುದೆಂದು ತೋರಿಸಬಾರದು.
* ಭಾಗವಹಿಸಿದವರ ಗುರುತು ಬಹಿರಂಗವಾಗದಂತೆ ಎಚ್ಚರ ವಹಿಸಬೇಕು.

ವರದಿ ಸಲ್ಲಿಸುವ ಸಂಸ್ಥೆಯು ಪ್ರತ್ಯೇಕ ನಮೂನೆಯನ್ನು ನಿಗದಿಪಡಿಸಿದ್ದಲ್ಲಿ, ಮೇಲ್ಕಂಡ ವಿವರಗಳನ್ನು ಆ ನಮೂನೆಯಲ್ಲಿಯೇ ಒದಗಿಸುವುದು.