ಜಡ್ಡು

ಸೇಡಂ, ಚಿತ್ತಾಪುರದ ಕಡೆ ಹಳ್ಳಿಗಳಲ್ಲಿ ‘ಕಾಯಿಲೆ ಬಿದ್ದ’ ಅನ್ನುವವರು ಕಡಿಮೆ. ‘ಜಡ್ಡಿಗಿ ಬಿದ್ದಾನ’ ಅನ್ನುತ್ತಾರೆ. ಅದೇ ಬಾಯಲ್ಲಿರುವ ದವಾಖಾನಿ, ಬೇಮಾರಿ ಉರ್ದುವಿನಿಂದ ಬಂದವು. 1948ರಲ್ಲಿ ನಿಜಾಮರ ಆಡಳಿತ ಮುಗಿದರೂ ಅವು ಊರು ಬಿಡಲಿಲ್ಲ. ಜಡ್ಡು ಅವಕ್ಕಿಂತ ಹಿರಿಯ. ಸಂಸ್ಕೃತದ ಜಡ, ಅದರಿಂದ ಜಾಡ್ಯ, ಜಾಡ್ಯ ಸವೆದು ಜಡ್ಡು. ಜಾಡ್ಯವೂ ಸಾಯದೆ ‘ಅಂಟುಜಾಡ್ಯ’ದಲ್ಲಿ ಉಳಿದುಕೊಂಡಿದೆ.

ಜಡ ಅಂದರೆ ಮೊದಲು ರೋಗವಲ್ಲ. ತಣ್ಣಗಾದದ್ದು, ಮರಗಟ್ಟಿದ್ದು, ಮಿಸುಕದ್ದು. ಆ ಹಳೆಯ ಅರ್ಥ ಹುಡುಕಲು ಗ್ರಂಥ ಬೇಡ, ಶಹಾಬಾದಿನ ಪರ್ಸಿ ಗಣಿಗೆ ಹೋದರೆ ಸಾಕು. ವರ್ಷಗಟ್ಟಲೆ ಕಲ್ಲು ಒಡೆದ ಅಂಗೈ ಜಡ್ಡುಗಟ್ಟಿರುತ್ತದೆ. ಒಂದೇ ಮಾತು ದಪ್ಪಗಾದ ಚರ್ಮಕ್ಕೂ ಆಯಿತು, ಹಾಸಿಗೆ ಹಿಡಿಸುವ ರೋಗಕ್ಕೂ ಆಯಿತು.

ಇದರ ಜೋಡಿ ಪದ ಬ್ಯಾನಿ. ಬೇನೆ, ವೇದನೆಯ ತದ್ಭವ. ಹೊಟ್ಟಿಬ್ಯಾನಿ, ತಲಿಬ್ಯಾನಿ ಬಂದವನು ಆ ದಿನವೇ ದವಾಖಾನಿಯ ಬಾಗಿಲು ಬಡಿಯುತ್ತಾನೆ. ಕಾಲು ಜುಮುಗುಟ್ಟಿ ಮಂದವಾದವನು ಮಾತ್ರ ‘ಬ್ಯಾನಿ ಏನಿಲ್ರಿ’ ಅಂದು ಹೊಲಕ್ಕೆ ನಡೆಯುತ್ತಾನೆ. ವೈದ್ಯರಿಗೆ ಬೇಕಾದ ಸುಳಿವು ಇರುವುದು ಆ ‘ಏನಿಲ್ರಿ’ಯಲ್ಲೇ.

ಹಳೆಯ ವೈದ್ಯರು ಇದನ್ನು ಬಲ್ಲವರು. ರೋಗ ಮೈದೋರುವ ಮುಂಚಿನ ಗುರುತುಗಳಿಗೆ ಆಯುರ್ವೇದದಲ್ಲಿ ‘ಪೂರ್ವರೂಪ’ ಎಂಬ ಹೆಸರಿದೆ. ಸಿಹಿಮೂತ್ರವನ್ನೂ ಒಳಗೊಂಡ ಪ್ರಮೇಹಕ್ಕೆ ಕೈಕಾಲುಗಳ ಜೋಮು, ಕುಷ್ಠಕ್ಕೆ ಸ್ಪರ್ಶ ತಿಳಿಯದಿರುವುದು ಚರಕಸಂಹಿತೆ ಹೇಳುವ ಪೂರ್ವರೂಪಗಳಲ್ಲಿ ಸೇರಿವೆ.

ಜಡ್ಡಿನ ಮೂಲಾರ್ಥಕ್ಕೆ ಆಧುನಿಕ ಸಾಕ್ಷಿ ಸಿಕ್ಕಿದ್ದು ವೆಲ್ಲೂರಿನಲ್ಲಿ. 1946ರಲ್ಲಿ ಅಲ್ಲಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದ ಶಸ್ತ್ರವೈದ್ಯ ಪಾಲ್ ಬ್ರಾಂಡ್ ಕುಷ್ಠರೋಗಿಗಳ ಕೈಕಾಲು ಹಾಳಾಗುವ ಬಗೆಯನ್ನು ಬೆನ್ನುಹತ್ತಿದರು. ಬೆರಳು ತಾನಾಗಿ ಕೊಳೆತು ಬೀಳುವುದಿಲ್ಲ; ನರ ಮಂದವಾಗಿ ನೋವು ತಿಳಿಯದ್ದರಿಂದ ಸುಟ್ಟರೂ ಮುಳ್ಳು ಚುಚ್ಚಿದರೂ ರೋಗಿ ಗಮನಿಸುವುದಿಲ್ಲ, ಗಾಯದ ಮೇಲೆ ಗಾಯ ಬೀಳುತ್ತದೆ. ಅದೇ ತಿಳಿವಳಿಕೆ ಮುಂದೆ ಸಕ್ಕರೆ ಕಾಯಿಲೆಯವರ ಪಾದ ಉಳಿಸಲು ಬಂತು.

2017ರಿಂದ ಜನವರಿ 30ಕ್ಕೆ ನಡೆಯುವ ಕುಷ್ಠ ಜಾಗೃತಿ ಆಂದೋಲನದ ಹೆಸರು ‘ಸ್ಪರ್ಶ್’. ಹೆಸರಿಟ್ಟವರು ಪದ ಬಲ್ಲವರು. ಮೈಮೇಲೆ ತಿಳಿಬಣ್ಣದ ಮಚ್ಚೆ ಕಂಡರೆ ಕೇಳುವುದು ಒಂದೇ: ‘ಕಣ್ಣು ಮುಚ್ರಿ, ಮುಟ್ಟಿದ್ದು ಗೊತ್ತಾಗ್ತದೇನ್ರಿ?’ ಸಕ್ಕರೆಯವರ ಪಾದಕ್ಕಾದರೆ 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆ ಇದೆ. ಅಂಗಾಲಿನ ಕೆಲವು ಕಡೆ ಊರಿ ತೆಗೆಯುತ್ತಾರೆ.

ಒಂದು ಷರತ್ತು ಮಾತ್ರ ಉಂಟು. ಜಡ್ಡುಗಟ್ಟಿದ ಚರ್ಮದ ಮೇಲೆ ಆ ಎಳೆ ಊರುವಂತಿಲ್ಲ, ಉತ್ತರ ಸುಳ್ಳಾಗುತ್ತದೆ. ಹಾಗಾಗಿ ಗಣಿಯವನ ಪಾದ ಹಿಡಿದು ಕೂತವರು ಮೊದಲು ಜಡ್ಡಿಲ್ಲದ ಜಾಗ ಹುಡುಕಬೇಕು, ಆಮೇಲೆ ಜಡ್ಡು ಹುಡುಕಬೇಕು.