ಎಷ್ಟು ಹೊತ್ತೆಂದು ಗೊತ್ತಿಲ್ಲದ ಸಂಗೀತ

ಮುಂಬೈ ಕನ್ನಡಿಗರ ಯಕ್ಷಗಾನ ನೋಡಿದವರಿಗೆ ಗೊತ್ತು: ವೇಷಧಾರಿಯ ಕುಣಿತ ಮುಗಿಯುವವರೆಗೆ ಭಾಗವತರು ಪದದ ಸಾಲನ್ನು ಮತ್ತೆ ಮತ್ತೆ ಎತ್ತಿಕೊಳ್ಳುತ್ತಾರೆ. ಎಷ್ಟು ಸಲ ಎಂಬುದು ಮೊದಲೇ ತೀರ್ಮಾನವಾಗಿರುವುದಿಲ್ಲ. ಜಪಾನಿನ ರೋಲ್ ಪ್ಲೇಯಿಂಗ್ ಗೇಮ್‌ಗಳಿಗೆ ಸಂಗೀತ ಕಟ್ಟುವವರ ಪಾಡೂ ಇದೇ. ಆಟಗಾರ ಒಂದು ಊರಿನಲ್ಲಿ ಎರಡು ನಿಮಿಷ ಇದ್ದಾನು, ಎರಡು ಗಂಟೆ ಅಲೆದಾನು. ಪುಟ್ಟ ಮಟ್ಟೊಂದು ಅಷ್ಟು ಹೊತ್ತೂ ಸುತ್ತಿ ಬರಬೇಕು, ಬೇಸರ ತರಿಸಬಾರದು.

ಮುಂಬೈಯ ಸಿನಿಮಾ ಸಂಗೀತ ಬೆಳೆದದ್ದು ಇದಕ್ಕೆ ತದ್ವಿರುದ್ಧ ದಾರಿಯಲ್ಲಿ. ಅಲ್ಲಿ ದೃಶ್ಯದ ಅಳತೆಯೇ ಹಿನ್ನೆಲೆ ಸಂಗೀತದ ಅಳತೆ. ಸ್ವರಲಿಪಿ ಓದಬಲ್ಲ ಗೋವಾದ ಪಿಟೀಲುಗಾರರು ಸ್ಟುಡಿಯೋ ತುಂಬ ಕುಳಿತು, ದೃಶ್ಯ ಕತ್ತರಿಸಿದಲ್ಲಿಗೆ ಕಮಾನು ಎತ್ತುತ್ತಿದ್ದರು.

ಎರಡೂ ದಾರಿಗಳು ಒಮ್ಮೆ ತೀರ ಹತ್ತಿರ ಹಾದುಹೋದವು. 1970ರ ದಶಕದಲ್ಲಿ ಸಿನಿಮಾ ವಾದ್ಯಗಾರ ಕೇರ್ಸಿ ಲಾರ್ಡ್ ಬಾಂಬೆಯ ಸ್ಟುಡಿಯೋಗಳಿಗೆ ಮೂಗ್ ಸಿಂಥಸೈಜರ್ ತಂದರು. 1982ರಲ್ಲಿ, ಸಿನಿಮಾ ವಾದ್ಯವೃಂದಗಳಲ್ಲಿ ಗಿಟಾರ್ ನುಡಿಸುತ್ತಿದ್ದ ಚರಣ್‌ಜೀತ್ ಸಿಂಗ್, ಜಪಾನಿನ ರೋಲ್ಯಾಂಡ್ ಕಂಪನಿಯ ಮೂರು ಯಂತ್ರಗಳನ್ನು ಮುಂದಿಟ್ಟುಕೊಂಡು ಹತ್ತು ರಾಗಗಳ ಎಲ್‌ಪಿ ಮಾಡಿದರು. ಟಿಆರ್-808 ತಾಳ ಹಾಕಿತು, ಟಿಬಿ-303 ಮಂದ್ರದಲ್ಲಿ ಒಂದೇ ಸ್ವರಗುಚ್ಛವನ್ನು ಗಿರಗಿರನೆ ತಿರುಗಿಸಿತು, ಜುಪಿಟರ್-8 ಮೇಲೆ ಭೈರವ್, ಯಮನ್, ಮಾಲ್ಕೌಂಸ್‌ಗಳು ಹರಿದವು. ಜೊತೆಗಾರ ಬೇಸ್ ವಾದಕನಿಲ್ಲದ ಗಿಟಾರಿಗನಿಗೆಂದು ತಯಾರಾದ ಪೆಟ್ಟಿಗೆ ಆ 303. ರಾಗ ಅದರ ಮನಸ್ಸಿನಲ್ಲೂ ಇರಲಿಲ್ಲ! ರೆಕಾರ್ಡು ಆಗ ಯಾರ ಕಿವಿಗೂ ಬೀಳದೆ ಮೂಲೆ ಸೇರಿತು. 2010ರಲ್ಲಿ ಯುರೋಪಿನಲ್ಲಿ ಮರುಬಿಡುಗಡೆಯಾದ ಮೇಲೆ, ಅಮೆರಿಕದ ಆ್ಯಸಿಡ್ ಹೌಸ್ ನೃತ್ಯಸಂಗೀತಕ್ಕಿಂತ ಐದು ವರ್ಷ ಮೊದಲೇ ಬಾಂಬೆಯಲ್ಲಿ ಇದು ಹುಟ್ಟಿತ್ತೇ ಎಂದು ಜನ ಬೆರಗಾದರು. ನನಗೆ ಅದರಲ್ಲಿ ಕೇಳುವುದು ಬೇರೆ: ಕಥಕ್‌ಗೆ ಸುತ್ತಿ ಸುತ್ತಿ ನುಡಿಸುವ ಲೆಹರಾ, ಯಂತ್ರದ ಬಾಯಲ್ಲಿ.

ಸಿಂಗ್ ಆ ರೆಕಾರ್ಡು ಮಾಡಿದ ಮರುವರ್ಷ ಜಪಾನಿನಲ್ಲಿ ಫ್ಯಾಮಿಕಾಮ್ ಎಂಬ ಆಟದ ಯಂತ್ರ ಮಾರುಕಟ್ಟೆಗೆ ಬಂತು. ಅದರ ಚಿಪ್ಪಿನಲ್ಲಿ ಐದೇ ದನಿ: ಮೂರು ರಾಗಕ್ಕೆ, ಒಂದು ಬರಿಯ ಸರಸರ ಸದ್ದಿಗೆ, ಇನ್ನೊಂದು ಒರಟು ಧ್ವನಿಮುದ್ರಿಕೆಗೆ. 1986ರ 'ಡ್ರಾಗನ್ ಕ್ವೆಸ್ಟ್' ಆಟಕ್ಕೆ ಸಂಗೀತ ಕೊಟ್ಟ ಕೋಯಿಚಿ ಸುಗಿಯಾಮಾಗೆ ಆಗ ಐವತ್ತೈದು. ಜನಪ್ರಿಯ ಗೀತೆ, ಜಾಹೀರಾತುಗಳಲ್ಲಿ ಪಳಗಿದ ಕೈ. ಸಾಲದ ದನಿಗಳನ್ನು ಒಂದರ ಹಿಂದೊಂದು ಓಡಿಸಿ ಹಳೆಯ ಯುರೋಪಿನ ಅರಮನೆ ಸಂಗೀತದ ಭ್ರಮೆ ಹುಟ್ಟಿಸಿದರು. ಮರುವರ್ಷ 'ಫೈನಲ್ ಫ್ಯಾಂಟಸಿ'ಯೊಡನೆ ನೊಬುಓ ಉಯೆಮಾತ್ಸು ಬಂದರು. ಹತ್ತೇ ವರ್ಷದಲ್ಲಿ, ಅದರ ಏಳನೆಯ ಕಂತಿನಲ್ಲಿ, ಲ್ಯಾಟಿನ್ ಹಾಡುವ ವೃಂದಗಾನವೇ ಆಟದೊಳಕ್ಕೆ ನುಗ್ಗಿತ್ತು.

ಮುಂಬೈಯಲ್ಲಿ ಸುಗಿಯಾಮಾಗೆ ಜೋಡಿ ಯಾರು? ನನ್ನ ಮತ ವನರಾಜ್ ಭಾಟಿಯಾಗೆ. ಲಂಡನ್, ಪ್ಯಾರಿಸ್‌ಗಳಲ್ಲಿ ಕಲಿತು ಬಂದು ಜಾಹೀರಾತುಗಳಿಗೆ ಮಟ್ಟು ಕಟ್ಟುತ್ತಿದ್ದವರು. ಲಿರಿಲ್ ಸಾಬೂನಿನ ರಾಗ ಅವರದೇ. ಆಮೇಲೆ 'ಅಂಕುರ್' ಚಿತ್ರ, 'ಭಾರತ್ ಏಕ್ ಖೋಜ್' ಧಾರಾವಾಹಿ. ಕೊನೆಗಾಲದಲ್ಲಿ ನಮ್ಮ ಕಾರ್ನಾಡರ 'ಅಗ್ನಿ ಮತ್ತು ಮಳೆ'ಯನ್ನು ಆಪೆರಾ ಮಾಡಲು ಹೊರಟವರು. ಯೂಗೋ ಸಾಕೊ, ರಾಮ್ ಮೋಹನ್ ಮುಂತಾದವರು ಸೇರಿ 1990ರ ದಶಕದ ಆರಂಭದಲ್ಲಿ ಮಾಡಿದ ಜಪಾನ್–ಭಾರತದ ರಾಮಾಯಣ ಅನಿಮೇಷನ್‌ಗೂ ಅವರದೇ ಸಂಗೀತ. ಜಪಾನಿ ಕುಂಚ, ಸಂಸ್ಕೃತದ ಹಾಡು, ಬಾಂಬೆಯ ವಾದ್ಯಗಾರಿಕೆ. ಸಾಹಸ, ವನವಾಸ, ರಾಕ್ಷಸ ಸಂಹಾರ, ಎಲ್ಲ ಇತ್ತು. ಆದರೆ ಅದು ಸಿನಿಮಾ. ರಾಮ ದಂಡಕಾರಣ್ಯದಲ್ಲಿ ಎಷ್ಟು ಹೊತ್ತು ಇರಬೇಕೆಂದು ನಿರ್ದೇಶಕರು ಮೊದಲೇ ಹೇಳಿಬಿಟ್ಟಿದ್ದರು. 2025ರ ಜನವರಿಯಲ್ಲಿ ಚಿತ್ರ ನಮ್ಮ ಥಿಯೇಟರುಗಳಿಗೆ ಮರಳಿತು. ಭಾಟಿಯಾ ತೀರಿಕೊಂಡು ಆಗಲೇ ಮೂರು ವರ್ಷ ಕಳೆದಿತ್ತು.

ಆಟಗಾರನೇ ಹೊತ್ತು ತೀರ್ಮಾನಿಸುವ ಅಂಥ ಕಥೆಯೂ ಆಮೇಲೆ ಬಂತು. ಮುಂಬೈಯಿಂದ ರೈಲಿನಲ್ಲಿ ಮೂರು ಮೂರೂವರೆ ಗಂಟೆ ದೂರದ ಪುಣೆಯಲ್ಲಿ ತಯಾರಾಗಿ, 2020ರಲ್ಲಿ ನಿಂಟೆಂಡೊ ಸ್ವಿಚ್‌ಗೆ ಬಂದ 'ರಾಜಿ' ಆಟದಲ್ಲಿ ದುರ್ಗೆ ಕೃಪೆ ಮಾಡಿದ ಹುಡುಗಿಯೊಬ್ಬಳು ಅಸುರರ ಮೇಲೆ ಬೀಳುತ್ತಾಳೆ. ಅದರ ಸಂಗೀತ ಲೀನೋಸ್ ಟ್ಸೆಲೋಸ್ ಅವರದು. ಗ್ರೀಸ್‌ನವರು.