ಮೊದಲ ಪಾಠದ ಪರಂಪರೆ: ಎಂಬೆಡೆಡ್ ಕಾರ್ಯಾಚರಣ ವ್ಯವಸ್ಥೆಗಳ ಮಾದರಿ ಪ್ರೋಗ್ರಾಂಗಳು

ಅಕ್ಷರಾಭ್ಯಾಸದಲ್ಲಿ ಮಗು ಅಕ್ಕಿಯ ಮೇಲೆ ಬರೆಯುವ ಮೊದಲ ಅಕ್ಷರದ ಮಹತ್ವವಿರುವುದು ಅರ್ಥದಲ್ಲಲ್ಲ, ಕಲಿಕೆ ಆರಂಭವಾಯಿತೆಂಬ ಖಾತ್ರಿಯಲ್ಲಿ. ಕಂಪ್ಯೂಟರ್ ಕಲಿಕೆಯಲ್ಲಿ ಈ ಸ್ಥಾನ ‘ಹಲೋ, ವರ್ಲ್ಡ್’ ಪ್ರೋಗ್ರಾಮಿಗೆ ಸಲ್ಲುತ್ತದೆ. ಬ್ರಯಾನ್ ಕರ್ನಿಗನ್ 1972ರಲ್ಲಿ ಬಿ ಭಾಷೆಯ ಪಾಠದಲ್ಲಿ ಬಳಸಿದ ಈ ವಂದನೆ, 1978ರ ಸಿ ಭಾಷೆಯ ಗ್ರಂಥದ ಮೂಲಕ ಜನಜನಿತವಾಯಿತು.

ಪರದೆಯಿಲ್ಲದ ಪುಟ್ಟ ಬೋರ್ಡುಗಳಲ್ಲಿ ಇದು ಪಾಠಾಂತರ ಪಡೆಯಿತು. ಬರ್ಕ್ಲಿಯಲ್ಲಿ ಹುಟ್ಟಿದ ಟೈನಿಓಎಸ್‌ನ ‘ಬ್ಲಿಂಕ್’, 2016ರಲ್ಲಿ ಲಿನಕ್ಸ್ ಫೌಂಡೇಶನ್ ಪ್ರಕಟಿಸಿದ ಝೆಫಿರ್‌ನ ‘ಬ್ಲಿಂಕಿ’ ಎರಡೂ ಎಲ್‌ಇಡಿ ದೀಪವನ್ನು ಮಿನುಗಿಸುತ್ತವೆ. ಇವುಗಳ ಆಚರಣಾಕ್ರಮವೂ ಸ್ಥಿರವಾದುದು. ಮೊದಲು ಮೇಜಿನ ಕಂಪ್ಯೂಟರಿನಲ್ಲಿ, ಬೋರ್ಡಿನ ಪ್ರೊಸೆಸರಿಗೆ ತಕ್ಕ ಕಂಪೈಲರಿನಿಂದ, ಪ್ರೋಗ್ರಾಂ ಹಾಗೂ ಕಾರ್ಯಾಚರಣ ವ್ಯವಸ್ಥೆಗಳನ್ನು ಒಂದೇ ಕಡತವಾಗಿ ಕಟ್ಟಲಾಗುತ್ತದೆ. ಅನಂತರ ಅದನ್ನು ಬೋರ್ಡಿನ ಫ್ಲ್ಯಾಶ್ ಸ್ಮೃತಿಗೆ ಬರೆಯಲಾಗುತ್ತದೆ. ಝೆಫಿರ್‌ನಲ್ಲಿ ಇವಕ್ಕೆ ‘ವೆಸ್ಟ್ ಬಿಲ್ಡ್’, ‘ವೆಸ್ಟ್ ಫ್ಲ್ಯಾಶ್’ ಎಂಬ ಆದೇಶಗಳಿವೆ. ಕಟ್ಟುವಾಗ ಬೋರ್ಡಿನ ಹೆಸರನ್ನು ತಪ್ಪಾಗಿ ಸೂಚಿಸಿದರೆ ದೀಪ ಮಿನುಗದೆ ಹೋಗಬಹುದು.

ದೀಪ ಮಿನುಗಿತೆಂದರೆ ಕಂಪೈಲರ್, ಕೇಬಲ್, ಬೋರ್ಡ್ ಮೂರೂ ಹೊಂದಿಕೊಂಡಿವೆ ಎಂದರ್ಥ. ಮಿನುಗದಿದ್ದರೆ ಕಾರಣವನ್ನು ಬಲ್ಲವರು ಬಾಯಿಮಾತಿನಲ್ಲಿ ತಿಳಿಸುವುದೇ ಹೆಚ್ಚು. ಮಾದರಿ ಪ್ರೋಗ್ರಾಂಗಳ ಪಠ್ಯ ಭಂಡಾರಗಳಲ್ಲಿ ಉಳಿಯುತ್ತದೆ. ಅದಕ್ಕೊಪ್ಪುವ ಹಳೆಯ ಕಂಪೈಲರ್, ಬೋರ್ಡು, ಅನುಭವಜ್ಞಾನಗಳು ಮರೆಯಾಗುತ್ತವೆ. ಸಾಹಿತ್ಯ ದೊರೆತು ಧಾಟಿ ಕಳೆದುಹೋದ ಹಾಡುಗಳನ್ನು ಕಂಡಿರುವ ಜಾನಪದ ಅಧ್ಯಯನವು ಈ ನಷ್ಟವನ್ನು ಬಲ್ಲುದು. ಆದ್ದರಿಂದ ಪಠ್ಯದೊಡನೆ ಪ್ರಯೋಗವನ್ನೂ ದಾಖಲಿಸುವುದು ಅವಶ್ಯವಾಗಿದೆ.